ಟೇಪು ಹಿಡಿದವರ ಗಣಿತ: ಉಡುಪಿನ ಅಳತೆ ಮತ್ತು ಗ್ರೇಡಿಂಗ್

(ಸಂಘದ ವತಿಯಿಂದ ವಿದ್ಯಾರ್ಥಿಗಳಿಗೂ ಪೋಷಕರಿಗೂ ನಡೆದ ವೃತ್ತಿ ಮಾರ್ಗದರ್ಶನ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ವೃತ್ತಿ ಮಾರ್ಗದರ್ಶನ ಎಂದ ಕೂಡಲೇ ಡಾಕ್ಟರ್, ಇಂಜಿನಿಯರ್, ಸಿ.ಎ. ಎಂಬ ಮೂರು ಹೆಸರುಗಳು ನಮ್ಮ ಬಾಯಿಗೆ ಬರುತ್ತವೆ. ಅವುಗಳ ಬಗ್ಗೆ ಹೇಳಲು ನನಗಿಂತ ತಿಳಿದವರು ಈ ಸಭೆಯಲ್ಲಿದ್ದಾರೆ. ನಾನು ಮಾತನಾಡಲಿರುವುದು ನಮ್ಮ ಮನೆಗಳೊಳಗೆ ಈಗಾಗಲೇ ಇರುವ ಒಂದು ಕಸುಬಿನ ಬಗ್ಗೆ, ಹೊಲಿಗೆಯ ಬಗ್ಗೆ. ಉಡುಪಿ, ಕಾಪು, ಕಾರ್ಕಳ ಕಡೆ ಹೊಲಿಗೆ ಯಂತ್ರದ ಸದ್ದು ಕೇಳದ ಕೇರಿ ಸಿಗುವುದು ಕಷ್ಟ. ಬೀಡಿಯ ಕೆಲಸ ಕಡಿಮೆಯಾಗುತ್ತಾ ಬಂದ ಮೇಲೆ ಎಷ್ಟೋ ತಾಯಂದಿರು, ಅಕ್ಕಂದಿರು ಮನೆಯ ಖರ್ಚನ್ನು ಈ ಯಂತ್ರದಿಂದಲೇ ತೂಗಿಸುತ್ತಿದ್ದಾರೆ.

ಹೊಲಿಯಲು ಬಲ್ಲವರು ನಮ್ಮಲ್ಲಿ ಸಾವಿರಾರು ಮಂದಿ ಇದ್ದಾರೆ. ಆದರೆ ಒಂದು ಅಳತೆಯ ಪ್ಯಾಟರ್ನ್‌ನಿಂದ ಹತ್ತು ಅಳತೆಯ ಪ್ಯಾಟರ್ನ್‌ಗಳನ್ನು ತಪ್ಪಿಲ್ಲದೆ ತೆಗೆಯಬಲ್ಲವರು ಬಹಳ ಕಡಿಮೆ. ಆ ವಿದ್ಯೆಯ ಹೆಸರು ಗ್ರೇಡಿಂಗ್. ಕತ್ತರಿಸಿ ಕೊಟ್ಟ ಬಟ್ಟೆಯನ್ನು ಹೊಲಿಯುವವರಿಗೆ ಪೀಸಿನ ಲೆಕ್ಕದ ಕೂಲಿ ಸಿಗುತ್ತದೆ. ಕತ್ತರಿಸುವುದು ಹೇಗೆಂದು ತೀರ್ಮಾನಿಸುವವರಿಗೆ ಆರ್ಡರ್ ಸಿಗುತ್ತದೆ. ಇವೆರಡರ ನಡುವೆ ಇರುವ ಅಂತರ ಎಂಟನೇ ತರಗತಿಯ ಗಣಿತದಷ್ಟೇ ಎಂಬುದು ನನ್ನ ಮಾತಿನ ಸಾರ.

ಸೈಜ್ ಇಲ್ಲದ ಉಡುಪು, ಸೈಜ್ ಇರುವ ಉಡುಪು

ನಮ್ಮ ಹಿರಿಯರ ಉಡುಪಿಗೆ ಸೈಜ್ ಎಂಬುದೇ ಇರಲಿಲ್ಲ. ಉಡುಪಿ ಸೀರೆಗೆ 2016ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿತು. ಕಾರ್ಕಳದ ಕದಿಕೆ ಟ್ರಸ್ಟ್‌ನವರು ಆ ನೇಯ್ಗೆಯನ್ನು ಉಳಿಸಲು ದುಡಿಯುತ್ತಿದ್ದಾರೆ. ಆ ಸೀರೆಯನ್ನು ಅಜ್ಜಿಯೂ ಉಡಬಹುದು, ಮೊಮ್ಮಗಳೂ ಉಡಬಹುದು. ಲುಂಗಿಯೂ ಹಾಗೆಯೇ. ತೆಳ್ಳಗಿದ್ದವರು ಎರಡು ನೆರಿಗೆ ಹೆಚ್ಚು ಹಾಕಿಕೊಂಡರೆ ಆಯಿತು. ಸೀರೆಯ ಜೊತೆಯ ರವಿಕೆಗೆ ಮಾತ್ರ ಟೇಪು ಬೇಕು. ಬಟ್ಟೆಗೆ ಕತ್ತರಿ ತಾಗಿದ ಕ್ಷಣದಲ್ಲಿ ಅಳತೆಯ ಪ್ರಶ್ನೆ ಹುಟ್ಟುತ್ತದೆ.

ಊರಿನ ಟೈಲರ್ ಈ ಪ್ರಶ್ನೆಯನ್ನು ಸುಲಭವಾಗಿ ಬಿಡಿಸುತ್ತಾರೆ. ಗಿರಾಕಿ ಎದುರಿಗೇ ನಿಂತಿರುತ್ತಾರೆ, ಅಳತೆ ತೆಗೆದು ಪುಸ್ತಕದಲ್ಲಿ ಬರೆದುಕೊಂಡರೆ ಮುಗಿಯಿತು. ರೆಡಿಮೇಡ್‌ನಲ್ಲಿ ಹಾಗಲ್ಲ. ಹೊಲಿಯುವವರು ಉಡುವವರನ್ನು ನೋಡಿಯೇ ಇರುವುದಿಲ್ಲ. ಕಾಣದವರಿಗೆ ಸರಿಯಾಗುವಂತೆ ಹೊಲಿಯಬೇಕಾದರೆ ಒಂದು ಅಳತೆಪಟ್ಟಿ ಬೇಕು, ಆ ಪಟ್ಟಿಯಂತೆ ಪ್ಯಾಟರ್ನನ್ನು ಹಿಗ್ಗಿಸುವ, ಕುಗ್ಗಿಸುವ ನಿಯಮ ಬೇಕು. ಮೊದಲನೆಯದು ಸೈಜಿಂಗ್, ಎರಡನೆಯದು ಗ್ರೇಡಿಂಗ್.

ಈ ನಂಬರುಗಳು ಎಲ್ಲಿಂದ ಬಂದವು?

ಗಂಡಸರ ಉಡುಪಿನ ಸಿದ್ಧ ಅಳತೆಗಳು ಬಹುಮಟ್ಟಿಗೆ ಸೈನ್ಯದಿಂದ ಬಂದವು. 1861ರಿಂದ 1865ರವರೆಗೆ ನಡೆದ ಅಮೆರಿಕದ ಅಂತರ್ಯುದ್ಧದಲ್ಲಿ ಲಕ್ಷಾಂತರ ಸೈನಿಕರಿಗೆ ಸಮವಸ್ತ್ರ ಬೇಕಾಯಿತು. ಅವರ ಅಳತೆಗಳನ್ನು ನೋಡಿದಾಗ, ಕೆಲವು ಅಳತೆಗಳು ಒಂದಕ್ಕೊಂದು ಜೋಡಿಯಾಗಿ ಮತ್ತೆ ಮತ್ತೆ ಬರುತ್ತವೆ ಎಂದು ತಿಳಿಯಿತು. ಅದೇ ಕಾಲದಲ್ಲಿ, 1863ರಲ್ಲಿ, ಎಬೆನೆಜರ್ ಬಟರಿಕ್ ಎಂಬ ಅಮೆರಿಕದ ಟೈಲರ್ ಬೇರೆ ಬೇರೆ ಸೈಜುಗಳಲ್ಲಿ ಕಾಗದದ ಪ್ಯಾಟರ್ನ್ ತಯಾರಿಸಿ ಮಾರಲು ತೊಡಗಿದರು. ಅದಕ್ಕೆ ಮೊದಲು ಮನೆಯಲ್ಲಿ ಹೊಲಿಯುವವರಿಗೆ ಸಿಗುತ್ತಿದ್ದ ಪ್ಯಾಟರ್ನ್ ಸಾಮಾನ್ಯವಾಗಿ ಒಂದೇ ಸೈಜಿನದಾಗಿತ್ತು. ಅದನ್ನು ತಮಗೆ ಬೇಕಾದಂತೆ ಮಾಡಿಕೊಳ್ಳುವುದು ಅವರವರ ಪಾಡು.

ಹೆಂಗಸರ ಅಳತೆಯ ಕಥೆ ಬೇರೆ, ಅದರಲ್ಲಿ ನಮಗೊಂದು ಪಾಠವಿದೆ. 1939-40ರಲ್ಲಿ ಅಮೆರಿಕದ ಕೃಷಿ ಇಲಾಖೆ ಸುಮಾರು 15 ಸಾವಿರ ಹೆಂಗಸರನ್ನು ಅಳೆಯಿತು. ಒಬ್ಬೊಬ್ಬರಿಂದ ಐವತ್ತಕ್ಕೂ ಹೆಚ್ಚು ಅಳತೆ ತೆಗೆಯಲಾಯಿತು. 1941ರಲ್ಲಿ ವರದಿ ಬಂತು. ಆದರೆ ಲೆಕ್ಕ ಮಾಡುವಾಗ ಬಿಳಿಯರಲ್ಲದ ಹೆಂಗಸರ ಅಳತೆಗಳನ್ನು ಬಿಟ್ಟುಬಿಟ್ಟರು. ಆ ವರದಿಯ ಆಧಾರದ ಮೇಲೆ 1958ರಲ್ಲಿ ಸರ್ಕಾರಿ ಅಳತೆಪಟ್ಟಿ ಬಂತು. ಅದು ಎಷ್ಟೋ ಜನರಿಗೆ ಸರಿಹೊಂದದೆ, 1983ರಲ್ಲಿ ಅದನ್ನು ಕೈಬಿಡಲಾಯಿತು. ಪಟ್ಟಿ ಮಾಡುವಾಗ ಯಾರನ್ನು ಅಳೆದಿಲ್ಲವೋ ಅವರಿಗೆ ಅಂಗಡಿಯ ಬಟ್ಟೆ ಸರಿಯಾಗುವುದಿಲ್ಲ. ಬಟ್ಟೆ ಹಿಡಿಸದಿದ್ದರೆ ನಾವು ನಮ್ಮ ಮೈಯನ್ನು ದೂರುತ್ತೇವೆ. ದೂರಬೇಕಾದದ್ದು ಪಟ್ಟಿಯನ್ನು.

ನಮ್ಮ ದೇಶದ ರೆಡಿಮೇಡ್ ಉದ್ಯಮ ಬಹುಕಾಲ ಹೊರದೇಶದ ಪಟ್ಟಿಗಳನ್ನೇ ಅಷ್ಟಿಷ್ಟು ತಿದ್ದಿ ಬಳಸಿತು. ಭಾರತೀಯರದೇ ಅಳತೆಪಟ್ಟಿ ಬೇಕೆಂದು ಕೇಂದ್ರ ಜವಳಿ ಇಲಾಖೆಯ ಬೆಂಬಲದಿಂದ ನಿಫ್ಟ್ ಸಂಸ್ಥೆ ಒಂದು ದೊಡ್ಡ ಸಮೀಕ್ಷೆಯನ್ನು ಕೈಗೆತ್ತಿಕೊಂಡಿತು. 2019ರ ಹೊತ್ತಿಗೆ ಪ್ರಕಟವಾದ ಯೋಜನೆಯಂತೆ 15ರಿಂದ 65 ವರ್ಷದೊಳಗಿನ 25 ಸಾವಿರ ಮಂದಿಯನ್ನು ಆರು ನಗರಗಳಲ್ಲಿ, ಮೈಮುಟ್ಟದೆ ಅಳೆಯುವ ಸ್ಕ್ಯಾನರ್‌ಗಳಿಂದ ಅಳೆಯುವುದು ಇದರ ಗುರಿ. ಆ ಆರು ನಗರಗಳಲ್ಲಿ ನಮ್ಮ ಬೆಂಗಳೂರೂ ಒಂದು. ಇದು ಒಳ್ಳೆಯ ಕೆಲಸ. ಆದರೆ ಆ ವಯಸ್ಸಿನ ಮಿತಿಯನ್ನು ಗಮನಿಸಿ. ನಮ್ಮ ಪ್ರಾಥಮಿಕ ಶಾಲೆಯ ಮಕ್ಕಳು ಅದರೊಳಗೆ ಬರುವುದಿಲ್ಲ. ಆ ವಿಷಯಕ್ಕೆ ಮತ್ತೆ ಬರುತ್ತೇನೆ.

ಗ್ರೇಡಿಂಗ್ ಎಂದರೆ ಜೆರಾಕ್ಸ್ ಅಲ್ಲ

ಈಗ ಮುಖ್ಯ ವಿಷಯ. ನಿಮ್ಮ ಬಳಿ ಎದೆ ಸುತ್ತಳತೆ 36 ಇಂಚಿನ ಕುರ್ತಾದ ಒಳ್ಳೆಯ ಪ್ಯಾಟರ್ನ್ ಇದೆ ಎಂದಿಟ್ಟುಕೊಳ್ಳಿ. ನಿಮಗೆ 40 ಇಂಚಿನದು ಬೇಕು. ಜೆರಾಕ್ಸ್ ಯಂತ್ರದಲ್ಲಿ ದೊಡ್ಡದು ಮಾಡಿದಂತೆ ಇಡೀ ಪ್ಯಾಟರ್ನನ್ನು ಹಿಗ್ಗಿಸಿದರೆ ಆಗುವುದಿಲ್ಲವೇ?

ಲೆಕ್ಕ ಮಾಡಿ ನೋಡಿ. 36ರಿಂದ 40ಕ್ಕೆ ಹೋಗುವುದೆಂದರೆ ಶೇಕಡಾ 11ರಷ್ಟು ಹೆಚ್ಚಳ. ಕುರ್ತಾದ ಉದ್ದ 44 ಇಂಚು ಇದ್ದದ್ದು ಸುಮಾರು 49 ಇಂಚು ಆಗುತ್ತದೆ. ಭುಜದ ಅಗಲ 14 ಇದ್ದದ್ದು ಹದಿನೈದೂವರೆ ಆಗುತ್ತದೆ. ತೋಳು ಬೆರಳ ತುದಿಗೆ ಇಳಿಯುತ್ತದೆ. ಮನುಷ್ಯರ ಮೈ ಹೀಗೆ ಬೆಳೆಯುವುದಿಲ್ಲ. ಎದೆ ಸುತ್ತಳತೆ 4 ಇಂಚು ಹೆಚ್ಚಿದವರ ಎಲುಬು ಅದೇ ಲೆಕ್ಕದಲ್ಲಿ ಉದ್ದವಾಗುವುದಿಲ್ಲ. ಕುತ್ತಿಗೆ ಬಹಳ ಸ್ವಲ್ಪ ದಪ್ಪವಾಗುತ್ತದೆ, ಭುಜ ಇನ್ನೂ ಸ್ವಲ್ಪ ಅಗಲವಾಗುತ್ತದೆ, ಎದೆ ಸೊಂಟಗಳಲ್ಲಿ ಹೆಚ್ಚಿನ ಬದಲಾವಣೆ ಆಗುತ್ತದೆ. ಆದ್ದರಿಂದ ಪ್ಯಾಟರ್ನಿನ ಒಂದೊಂದು ಬಿಂದುವನ್ನೂ ಅದಕ್ಕೆ ತಕ್ಕಷ್ಟು ಮಾತ್ರ ಸರಿಸಬೇಕು. ಇದೇ ಗ್ರೇಡಿಂಗ್.

ಗ್ರಾಫ್ ಕಾಗದವನ್ನು ನೆನಪಿಸಿಕೊಳ್ಳಿ. ಅಡ್ಡ ಗೆರೆ ಒಂದು, ನೆಟ್ಟ ಗೆರೆ ಒಂದು. ಕುರ್ತಾದ ಮುಂಭಾಗವನ್ನು ನಡುವೆ ಮಡಿಚಿದರೆ ಸಿಗುವುದು ಇಡೀ ಸುತ್ತಳತೆಯ ಕಾಲು ಭಾಗ. ಒಂದು ಸೈಜಿನಿಂದ ಇನ್ನೊಂದಕ್ಕೆ ಎದೆ ಸುತ್ತಳತೆ 2 ಇಂಚು ಹೆಚ್ಚಿದರೆ, ಈ ಕಾಲು ಭಾಗಕ್ಕೆ ಬರುವುದು ಅರ್ಧ ಇಂಚು. ಸಾಮಾನ್ಯವಾಗಿ ಬಳಸುವ ಒಂದು ನಿಯಮ ಹೀಗಿದೆ: ಕುತ್ತಿಗೆಯ ಬಿಂದು ಅಡ್ಡಕ್ಕೆ ಅರೆಕಾಲು ಇಂಚು, ಅಂದರೆ ಇಂಚಿನ ಎಂಟನೇ ಒಂದು ಭಾಗ ಸರಿಯುತ್ತದೆ. ಭುಜದ ತುದಿ ಕಾಲು ಇಂಚು ಸರಿಯುತ್ತದೆ. ಪಕ್ಕದ ಹೊಲಿಗೆ ಪೂರ್ತಿ ಅರ್ಧ ಇಂಚು ಸರಿಯುತ್ತದೆ. ಕಂಕುಳ ಆಳ ಕಾಲು ಇಂಚು ಹೆಚ್ಚುತ್ತದೆ. ಕೆಳಗಿನ ಅಂಚು ಅರ್ಧ ಇಂಚು ಇಳಿಯಬಹುದು, ಇಳಿಯದೆಯೂ ಇರಬಹುದು. ಅದನ್ನು ಅಳತೆಪಟ್ಟಿ ಹೇಳಬೇಕು. ಈ ನಿಯಮದಂತೆ ನಮ್ಮ 40ರ ಕುರ್ತಾದ ಉದ್ದ 45 ಇಂಚು, ಭುಜ 15 ಇಂಚು. ಜೆರಾಕ್ಸ್ ಕುರ್ತಾಕ್ಕೂ ಇದಕ್ಕೂ ಉದ್ದದಲ್ಲೇ ಸುಮಾರು 4 ಇಂಚು ವ್ಯತ್ಯಾಸ.

ಎರಡು ಎಚ್ಚರಿಕೆಗಳು. ಒಂದು, ಕಂಕುಳ ಸುತ್ತು ಬದಲಾದಾಗ ತೋಳಿನ ಮೇಲಿನ ಕಮಾನೂ ಬದಲಾಗಬೇಕು. ತೋಳಿನ ಕಮಾನು ಕಂಕುಳ ಸುತ್ತಿಗಿಂತ ತುಸುವೇ ಹೆಚ್ಚಿರಬೇಕು. ಪ್ರತಿ ಸೈಜಿನಲ್ಲೂ ಎರಡನ್ನೂ ಅಳೆದು ನೋಡಿ. ಬಾಗಿದ ಗೆರೆಯನ್ನು ಅಳೆಯುವಾಗ ಟೇಪನ್ನು ಅಡ್ಡಲಾಗಿ ಮಲಗಿಸದೆ ಅಂಚಿನ ಮೇಲೆ ನಿಲ್ಲಿಸಿದರೆ ಅದು ಗೆರೆಯ ಜೊತೆಗೇ ಬಾಗುತ್ತದೆ. ಎರಡು, ಮೂಲ ಪ್ಯಾಟರ್ನ್ ಸರಿಯಿದೆಯೇ ಎಂದು ಒಂದು ಪೀಸ್ ಹೊಲಿದು, ತೊಡಿಸಿ ನೋಡದೆ ಗ್ರೇಡಿಂಗ್ ಆರಂಭಿಸಬೇಡಿ. ಮೂಲದಲ್ಲಿ ಒಂದು ತಪ್ಪಿದ್ದರೆ ಎಲ್ಲ ಸೈಜುಗಳಲ್ಲೂ ಅದೇ ತಪ್ಪು ಬರುತ್ತದೆ. ನಡುವಿನ ಸೈಜನ್ನು ಮೂಲವಾಗಿಟ್ಟುಕೊಂಡು ಅಲ್ಲಿಂದ ಮೇಲಕ್ಕೂ ಕೆಳಕ್ಕೂ ಹೋಗುವುದು ವಾಡಿಕೆ. ಒಂದು ತುದಿಯಿಂದ ಹೊರಟರೆ ಇನ್ನೊಂದು ತುದಿ ತಲುಪುವಾಗ ಸಣ್ಣ ವ್ಯತ್ಯಾಸಗಳು ಸೇರಿ ದೊಡ್ಡದಾಗುತ್ತವೆ.

ನಮ್ಮ ಊರಿನ ಮೂರು ಉಡುಪುಗಳು

ಮೊದಲನೆಯದು ಬುರ್ಖಾ, ಅಬಾಯಾ. ಅಂಗಡಿಯಲ್ಲಿ ಅಬಾಯಾಕ್ಕೆ 52, 54, 56, 58 ಎಂಬ ನಂಬರುಗಳಿರುವುದು ನಿಮಗೆ ಗೊತ್ತು. ಅದು ಭುಜದಿಂದ ಕೆಳ ಅಂಚಿನವರೆಗಿನ ಉದ್ದ, ಇಂಚುಗಳಲ್ಲಿ. ಅಂಗಿಯ ನಂಬರು ಸುತ್ತಳತೆಯಿಂದ ಹೊರಟರೆ ಅಬಾಯಾದ ನಂಬರು ಉದ್ದದಿಂದ ಹೊರಡುತ್ತದೆ. ಉದ್ದಕ್ಕೆ ಜೋಡಿಯಾಗಿ ಒಂದು ಅಗಲವನ್ನು ತಯಾರಕರೇ ಊಹಿಸಿರುತ್ತಾರೆ. ಹಾಗಾಗಿ ಗಿಡ್ಡವಾಗಿದ್ದು ಮೈಕೈ ತುಂಬಿಕೊಂಡಿರುವ ತಾಯಿಗೆ 52 ಬಿಗಿಯಾಗುತ್ತದೆ, 56 ನೆಲ ಗುಡಿಸುತ್ತದೆ. ಕೊನೆಗೆ 56 ತಂದು ಕೆಳಗೆ ನಾಲ್ಕು ಇಂಚು ಕತ್ತರಿಸಿ ಹೊಲಿಸುತ್ತಾರೆ. ಕತ್ತರಿಸಿ ಬಿಸಾಡಿದ ಬಟ್ಟೆಗೂ ಅವರೇ ದುಡ್ಡು ಕೊಟ್ಟಿದ್ದಾರೆ, ಹೊಲಿಗೆಗೂ ಅವರೇ ಕೊಡುತ್ತಾರೆ. ಪ್ರತಿ ಉದ್ದಕ್ಕೂ ಎರಡು ಅಗಲಗಳನ್ನು ಗ್ರೇಡ್ ಮಾಡಿದರೆ ಈ ತೊಂದರೆ ಇಲ್ಲ. ಕಾಪುವಿನಲ್ಲೋ ಕಾರ್ಕಳದಲ್ಲೋ ಕುಳಿತು ನಮ್ಮವರ ಮೈಗೆ ಅಬಾಯಾ ಹೊಲಿಯುವ ಸಣ್ಣ ಘಟಕಕ್ಕೆ ಇಲ್ಲೇ ಒಂದು ದಾರಿ ಇದೆ.

ಎರಡನೆಯದು ಮಣಿಪಾಲದ ಬಿಳಿ ಕೋಟು. 1953ರಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು ಆರಂಭವಾದಂದಿನಿಂದ ಅಲ್ಲಿಗೆ ದೇಶದ ಮೂಲೆಮೂಲೆಗಳಿಂದ, ಹೊರದೇಶಗಳಿಂದ ವಿದ್ಯಾರ್ಥಿಗಳು ಬರುತ್ತಿದ್ದಾರೆ. ಎತ್ತರದ ಹುಡುಗರೂ ಇದ್ದಾರೆ, ಸಣ್ಣ ಮೈಕಟ್ಟಿನ ಹುಡುಗಿಯರೂ ಇದ್ದಾರೆ. ಎಲ್ಲರಿಗೂ ಎಸ್, ಎಂ, ಎಲ್ ಎಂಬ ಅಕ್ಷರಗಳೇ. ಈ ಅಕ್ಷರಗಳಿಗೆ ಎಲ್ಲರೂ ಒಪ್ಪಿದ ಒಂದೇ ಅರ್ಥವಿಲ್ಲ. ಒಬ್ಬ ತಯಾರಕರ ಎಂ ಇನ್ನೊಬ್ಬರ ಎಲ್ ಆಗಿರಬಹುದು. ಅಂಕೆಗಳನ್ನು ಕೂಡ ಕಣ್ಣುಮುಚ್ಚಿ ನಂಬುವಂತಿಲ್ಲ. ಗಂಡಸರ ಒಂದು ಫಾರ್ಮಲ್ ಅಂಗಿಯ ಮೇಲಿನ 40 ಕಾಲರಿನ ಸೆಂಟಿಮೀಟರ್ ಆಗಿರುತ್ತದೆ, ಇನ್ನೊಂದರ ಮೇಲಿನ 40 ಎದೆಯ ಇಂಚು ಆಗಿರುತ್ತದೆ. ಆದ್ದರಿಂದ ಆರ್ಡರ್ ತೆಗೆದುಕೊಳ್ಳುವಾಗ ಸೈಜಿನ ಹೆಸರು ಮಾತ್ರ ಬರೆದುಕೊಳ್ಳಬೇಡಿ. ಯಾವ ಅಳತೆ, ಮೈಯದೋ ಬಟ್ಟೆಯದೋ, ಇಂಚೋ ಸೆಂಟಿಮೀಟರೋ ಎಂಬುದನ್ನೂ ಬರೆದುಕೊಳ್ಳಿ. ಮೈಯ ಅಳತೆಗೂ ಬಟ್ಟೆಯ ಅಳತೆಗೂ ನಡುವೆ ಇರುವುದನ್ನು ನಾವು ಲೂಸ್ ಎನ್ನುತ್ತೇವೆ. ಬೆವರು ಆರದ ನಮ್ಮ ಕರಾವಳಿಯಲ್ಲಿ ಆ ಲೂಸಿನ ಬೆಲೆ ಬೇಸಿಗೆಯಲ್ಲಿ ಗೊತ್ತಾಗುತ್ತದೆ.

ಮೂರನೆಯದು ಶಾಲೆಯ ಸಮವಸ್ತ್ರ. ಸರ್ಕಾರಿ ಶಾಲೆಯ ಮಕ್ಕಳಿಗೆ ವಿದ್ಯಾವಿಕಾಸ ಯೋಜನೆಯಡಿ ಉಚಿತ ಸಮವಸ್ತ್ರ ಬರುತ್ತದೆ. ಬಟ್ಟೆಯಾಗಿ ಬಂದಾಗ ಹೊಲಿಸುವ ಖರ್ಚು ಮನೆಯವರದು. ಖಾಸಗಿ ಶಾಲೆಗಳಲ್ಲಿ ಜೂನ್ ತಿಂಗಳಿಗೆ ಮೊದಲು ನೂರಾರು ಜೊತೆ ಒಮ್ಮೆಗೇ ಬೇಕಾಗುತ್ತದೆ. ಈ ಕೆಲಸ ನಮ್ಮ ಕೈಗೆ ಸಿಗದೆ ದೂರದ ಊರಿನ ಸಗಟು ವ್ಯಾಪಾರಿಗೆ ಹೋದರೆ, ಅದಕ್ಕೆ ಕಾರಣ ನಮ್ಮ ಹೊಲಿಗೆ ಕೆಟ್ಟದ್ದೆಂದಲ್ಲ. ಇನ್ನೂರು ಮಕ್ಕಳಿಗೆ ಹತ್ತು ದಿನಗಳಲ್ಲಿ ಸೈಜುವಾರು ಕತ್ತರಿಸಿ ಕೊಡುವ ವ್ಯವಸ್ಥೆ ನಮ್ಮಲ್ಲಿ ಇಲ್ಲ.

ನಮ್ಮ ಶಾಲೆಗೆ ನಮ್ಮದೇ ಅಳತೆಪಟ್ಟಿ

ಆ ವ್ಯವಸ್ಥೆ ಕಟ್ಟುವುದು ಹೇಗೆ? ಇದಕ್ಕೆ ಸ್ಕ್ಯಾನರ್ ಬೇಡ. ಒಂದು ಟೇಪು, ಒಂದು ಪುಸ್ತಕ, ಎರಡು ದಿನಗಳ ಬಿಡುವು ಸಾಕು. ಪೋಷಕರ ಒಪ್ಪಿಗೆ ಪಡೆದು, ಹೆಣ್ಣುಮಕ್ಕಳನ್ನು ಮರೆಯಿರುವ ಕೋಣೆಯಲ್ಲಿ ಶಿಕ್ಷಕಿಯರೇ ಅಳೆಯಲಿ. ಹೆಸರು ಬರೆಯುವ ಬದಲು ಕ್ರಮಸಂಖ್ಯೆ ಬರೆದರೆ ಯಾವ ಮಗುವಿಗೂ ಮುಜುಗರವಿಲ್ಲ. ಆರು ಅಳತೆ ಸಾಕು: ಎತ್ತರ, ಎದೆ ಸುತ್ತಳತೆ, ಸೊಂಟದ ಸುತ್ತಳತೆ, ಭುಜದ ಅಗಲ, ತೋಳಿನ ಉದ್ದ, ಸೊಂಟದಿಂದ ಪಾದದವರೆಗಿನ ಉದ್ದ.

ಬಳಿಕ ಎದೆ ಸುತ್ತಳತೆಯನ್ನು ಎರಡೆರಡು ಇಂಚಿನ ಗುಂಪುಗಳಾಗಿ ವಿಂಗಡಿಸಿ. ಉದಾಹರಣೆಗೆ ನೂರು ಮಕ್ಕಳಲ್ಲಿ 26ರ ಗುಂಪಿಗೆ 10 ಮಂದಿ, 28ಕ್ಕೆ 30, 30ಕ್ಕೆ 40, 32ಕ್ಕೆ 20 ಮಂದಿ ಬಂದರು ಎನ್ನೋಣ. ಇದು 1:3:4:2 ಎಂಬ ಅನುಪಾತ. ಯಾವ ಸೈಜಿನಲ್ಲಿ ಎಷ್ಟು ಹೊಲಿಯಬೇಕೆಂಬುದು ಈಗ ಊಹೆಯ ಮಾತಾಗಿ ಉಳಿಯಲಿಲ್ಲ. ಒಂದೇ ಗುಂಪಿನ ಮಕ್ಕಳ ಎತ್ತರವನ್ನೂ ಪಕ್ಕದಲ್ಲಿ ಬರೆದು ನೋಡಿ. ಎತ್ತರದಲ್ಲಿ ಬಹಳ ವ್ಯತ್ಯಾಸವಿದ್ದರೆ ಆ ಸೈಜಿಗೆ ಗಿಡ್ಡ, ಉದ್ದ ಎಂದು ಎರಡು ಪ್ಯಾಂಟಿನ ಅಳತೆ ಇಡಬೇಕು. ಮಕ್ಕಳು ಬೆಳೆಯುವುದರಿಂದ ಎರಡು ಮೂರು ವರ್ಷಗಳಿಗೊಮ್ಮೆ ಹೊಸದಾಗಿ ಅಳೆದರೆ ಪಟ್ಟಿ ಹಳತಾಗುವುದಿಲ್ಲ. ದೇಶದ ಸಮೀಕ್ಷೆ ಬಿಟ್ಟ ವಯಸ್ಸಿನ ಮಕ್ಕಳ ಅಳತೆಪಟ್ಟಿಯನ್ನು ನಮ್ಮ ಒಂದು ಶಾಲೆಯೇ ಹೀಗೆ ಮಾಡಿಕೊಳ್ಳಬಹುದು. ಗಣಿತದ ಶಿಕ್ಷಕರಿಗೆ ನನ್ನ ವಿನಂತಿ: ಸರಾಸರಿ, ಅನುಪಾತ, ಸ್ತಂಭಾಲೇಖ ಕಲಿಸಲು ಇದಕ್ಕಿಂತ ಹತ್ತಿರದ ಉದಾಹರಣೆ ಬೇಕೇ?

ಕತ್ತರಿಯ ಮೇಜಿನ ಲಾಭ

ಈ ಅನುಪಾತ ಕತ್ತರಿಸುವ ಮೇಜಿನ ಮೇಲೆ ಹಣವಾಗುತ್ತದೆ. ಒಂದು ಅಂಗಿಯ ಖರ್ಚಿನಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಸಾಮಾನ್ಯವಾಗಿ ಬಟ್ಟೆಯದೇ. 26ರದು ಒಂದು, 28ರದು ಮೂರು, 30ರದು ನಾಲ್ಕು, 32ರದು ಎರಡು, ಹೀಗೆ ಹತ್ತು ಅಂಗಿಗಳ ಪ್ಯಾಟರ್ನ್‌ಗಳನ್ನು ಒಂದೇ ಉದ್ದದ ಕಾಗದದ ಮೇಲೆ ಜೋಡಿಸಿ ಗುರುತು ಹಾಕಬೇಕು. ಇದಕ್ಕೆ ಮಾರ್ಕರ್ ಎನ್ನುತ್ತಾರೆ. ದೊಡ್ಡ ಸೈಜಿನ ತುಂಡುಗಳ ನಡುವೆ ಉಳಿಯುವ ಜಾಗದಲ್ಲಿ ಸಣ್ಣ ಸೈಜಿನ ಕಾಲರು, ಪಟ್ಟಿ, ಕಿಸೆಗಳು ಕೂರುತ್ತವೆ. ಹೀಗೆ ಹತ್ತು ಪದರ ಬಟ್ಟೆ ಹಾಸಿ ಒಮ್ಮೆ ಕತ್ತರಿಸಿದರೆ ನೂರು ಅಂಗಿ ಸಿದ್ಧ. ಒಂದೊಂದೇ ಅಂಗಿಯನ್ನು ಬೇರೆ ಬೇರೆಯಾಗಿ ಕತ್ತರಿಸುವುದಕ್ಕಿಂತ ಅಂಗಿಗೆ 10 ಸೆಂಟಿಮೀಟರ್ ಉಳಿದರೂ ನೂರು ಅಂಗಿಗೆ 10 ಮೀಟರ್ ಬಟ್ಟೆ ಉಳಿಯಿತು. ಆದರೆ ಜಾಗ ಉಳಿಸಲೆಂದು ತುಂಡುಗಳನ್ನು ಓರೆಯಾಗಿ ತಿರುಗಿಸಬಾರದು. ಬಟ್ಟೆಯ ಉದ್ದನೂಲಿನ ಗುರುತು ಎಲ್ಲ ತುಂಡುಗಳಲ್ಲೂ ನೇರವಾಗಿರಬೇಕು, ಇಲ್ಲದಿದ್ದರೆ ಎರಡು ಒಗೆತಕ್ಕೆ ಅಂಗಿ ಒಂದು ಕಡೆಗೆ ವಾಲುತ್ತದೆ.

ಇನ್ನೊಂದು ಲೆಕ್ಕ ಬಟ್ಟೆ ಕುಗ್ಗುವುದರದು. ಹೊಸ ಬಟ್ಟೆಯಲ್ಲಿ 50 ಸೆಂಟಿಮೀಟರ್ ಚೌಕ ಕತ್ತರಿಸಿ, ಒಗೆದು, ಒಣಗಿಸಿ ಅಳೆಯಿರಿ. ಉದ್ದದಲ್ಲಿ 48 ಆದರೆ ಶೇಕಡಾ 4 ಕುಗ್ಗಿತು ಎಂದರ್ಥ. ಒಗೆದ ಮೇಲೆ 100 ಸೆಂಟಿಮೀಟರ್ ಉಳಿಯಬೇಕಾದರೆ ಪ್ಯಾಟರ್ನಿನಲ್ಲಿ ಎಷ್ಟಿರಬೇಕು? 104 ಎನ್ನಬೇಡಿ. 100ನ್ನು 0.96ರಿಂದ ಭಾಗಿಸಿದರೆ ಬರುವುದು 104.2. ಒಂದು ಅಂಗಿಯಲ್ಲಿ ಈ ವ್ಯತ್ಯಾಸ ಕಣ್ಣಿಗೆ ಕಾಣದಿರಬಹುದು, ಕುಗ್ಗುವಿಕೆ ಹೆಚ್ಚಿದಂತೆ ಅದೂ ಹೆಚ್ಚುತ್ತದೆ. ಲೆಕ್ಕದ ಕ್ರಮ ಸರಿಯಿದ್ದರೆ ಯಾವ ಬಟ್ಟೆ ಬಂದರೂ ಹೆದರಬೇಕಾಗಿಲ್ಲ.

ಕಲಿಯುವುದು ಎಲ್ಲಿ?

ಬ್ರಹ್ಮಾವರದ ರುಡ್‌ಸೆಟ್ ಸಂಸ್ಥೆಯಲ್ಲಿ ಗ್ರಾಮೀಣ ಯುವಜನರಿಗೆ ಸ್ವಉದ್ಯೋಗದ ಉಚಿತ ತರಬೇತಿ ಸಿಗುತ್ತದೆ, ಹೊಲಿಗೆಯೂ ಅದರಲ್ಲಿದೆ. 1982ರಲ್ಲಿ ಉಜಿರೆಯಲ್ಲಿ ಆರಂಭವಾದ ಈ ಮಾದರಿಯನ್ನೇ ಕೇಂದ್ರ ಸರ್ಕಾರ ಮುಂದೆ ದೇಶಾದ್ಯಂತ ಅಳವಡಿಸಿಕೊಂಡಿತು. ಐ.ಟಿ.ಐ.ಗಳ ವೃತ್ತಿಗಳ ಪಟ್ಟಿಯಲ್ಲಿ ಸೂಯಿಂಗ್ ಟೆಕ್ನಾಲಜಿ ಎಂಬ ಒಂದು ವರ್ಷದ ಕೋರ್ಸ್ ಇದೆ. ಪದವಿ ಮಾಡುವ ಆಸೆಯಿದ್ದವರಿಗೆ ಮಣಿಪಾಲದಲ್ಲಿ ಫ್ಯಾಷನ್ ಡಿಸೈನ್ ಪದವಿಯೂ, ಬೆಂಗಳೂರಿನಲ್ಲಿ ನಿಫ್ಟ್ ಕೂಡ ಇದೆ. ನಿಫ್ಟ್‌ಗೆ ಅಖಿಲ ಭಾರತ ಮಟ್ಟದ ಪ್ರವೇಶ ಪರೀಕ್ಷೆ ಬರೆಯಬೇಕು. ವಿಜ್ಞಾನ, ಗಣಿತ ಓದಿದ ಹುಡುಗ ಹುಡುಗಿಯರು ಅಲ್ಲಿನ ಉಡುಪು ತಯಾರಿಕೆಯ ತಂತ್ರಜ್ಞಾನ ವಿಭಾಗದ ಬಗ್ಗೆಯೂ ವಿಚಾರಿಸಿ.

ದೊಡ್ಡ ಕಾರ್ಖಾನೆಗಳಲ್ಲಿ ಗ್ರೇಡಿಂಗ್ ಈಗ ಕಂಪ್ಯೂಟರಿನಲ್ಲಿ ನಡೆಯುತ್ತದೆ. ಗರ್ಬರ್, ಲೆಕ್ಟ್ರಾ ಎಂಬವು ಅದರ ಹಳೆಯ ಹೆಸರುಗಳು. 2021ರಲ್ಲಿ ಲೆಕ್ಟ್ರಾ ಗರ್ಬರನ್ನು ಕೊಂಡುಕೊಂಡಿತು. ಮನೆಯ ಕಂಪ್ಯೂಟರಿನಲ್ಲಿ ಅಭ್ಯಾಸ ಮಾಡಲು ವ್ಯಾಲೆಂಟಿನಾ, ಸೀಮ್ಲಿ ಮುಂತಾದ ಉಚಿತ ತಂತ್ರಾಂಶಗಳಿವೆ. ಆದರೆ ಯಾವ ಬಿಂದು ಎಷ್ಟು ಸರಿಯಬೇಕೆಂದು ಕಂಪ್ಯೂಟರಿಗೆ ನಾವೇ ಹೇಳಬೇಕು. ಆದ್ದರಿಂದ ಮೊದಲು ಬ್ರೌನ್ ಕಾಗದ, ಸ್ಕೇಲು, ಪೆನ್ಸಿಲ್ ಹಿಡಿದು ಕಲಿಯಿರಿ.

ಬಂಡವಾಳದ ವಿಷಯಕ್ಕೆ ಬಂದರೆ, 2023ರ ಸೆಪ್ಟೆಂಬರಿನಲ್ಲಿ ಆರಂಭವಾದ ಪಿ.ಎಂ. ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಟೈಲರ್ ಕಸುಬೂ ಸೇರಿದೆ. ತರಬೇತಿ, ಸಲಕರಣೆಗೆ 15 ಸಾವಿರ ರೂಪಾಯಿವರೆಗೆ ನೆರವು, ಶೇಕಡಾ 5ರ ಬಡ್ಡಿಯಲ್ಲಿ ಮೊದಲು ಒಂದು ಲಕ್ಷ, ಅದನ್ನು ತೀರಿಸಿದ ಮೇಲೆ ಎರಡು ಲಕ್ಷದವರೆಗೆ ಸಾಲ, ಇದು ಯೋಜನೆಯ ರೂಪ. ನಿಯಮಗಳನ್ನು ವಿಚಾರಿಸಿ, ಅರ್ಹರಿದ್ದವರು ಅರ್ಜಿ ಹಾಕಿ.

ಕೊನೆಯದಾಗಿ

ಬೆಂಗಳೂರಿನ ಗಾರ್ಮೆಂಟ್ ಕಾರ್ಖಾನೆಗಳಲ್ಲಿ ಯಂತ್ರದ ಮುಂದೆ ಕೂರುವವರಲ್ಲಿ ಬಹುಪಾಲು ಹೆಂಗಸರು. ಪ್ಯಾಟರ್ನ್ ಮಾಸ್ಟರ್, ಕಟ್ಟಿಂಗ್ ಮಾಸ್ಟರ್ ಎಂದು ಕರೆಸಿಕೊಳ್ಳುವವರಲ್ಲಿ ಹೆಚ್ಚಿನವರು ಗಂಡಸರು. ಹೆಂಗಸರಿಗೆ ಲೆಕ್ಕ ಬರುವುದಿಲ್ಲವೆಂದು ಹೀಗಾದದ್ದಲ್ಲ. ಅವರಿಗೆ ಸೂಜಿ ಕೊಟ್ಟರು, ಸ್ಕೇಲು ಕೊಡಲಿಲ್ಲ. ನಮ್ಮ ಮನೆಗಳಲ್ಲಿ ಹತ್ತನೇ ತರಗತಿ, ಪಿ.ಯು.ಸಿ. ಮುಗಿಸಿ ಹೊಲಿಗೆ ಕ್ಲಾಸಿಗೆ ಹೋಗುವ ತಂಗಿಯರಿಗೆ ಶಾಲೆಯ ಗಣಿತ ಇನ್ನೂ ನೆನಪಿದೆ. ಹೊಲಿಗೆ ಕಲಿಸುವ ಟೀಚರರಲ್ಲಿ ಒಂದು ಮಾತು ಕೇಳಿಕೊಳ್ಳುತ್ತೇನೆ: ರವಿಕೆ, ಚೂಡಿದಾರ್ ಕಲಿಸಿದ ಬಳಿಕ ಒಂದು ತಿಂಗಳು ಗ್ರೇಡಿಂಗ್‌ಗೂ ಮೀಸಲಿಡಿ.

ಸಂಘದ ಪದಾಧಿಕಾರಿಗಳಲ್ಲಿಯೂ ಒಂದು ಬೇಡಿಕೆ. ಬರುವ ಶೈಕ್ಷಣಿಕ ವರ್ಷಕ್ಕೆ ಮೊದಲು ಒಂದೇ ಒಂದು ಶಾಲೆಯ ಮಕ್ಕಳ ಅಳತೆಪಟ್ಟಿ ಮಾಡಿಸಿ. ಆ ಶಾಲೆಯ ಸಮವಸ್ತ್ರದ ಕೆಲಸವನ್ನು ಗ್ರೇಡಿಂಗ್ ಕಲಿತ ಐದಾರು ಹೆಣ್ಣುಮಕ್ಕಳಿಗೆ ವಹಿಸಿ. ಹೊಲಿಗೆ ಯಂತ್ರ ದಾನ ಮಾಡುವ ಒಳ್ಳೆಯ ವಾಡಿಕೆ ನಮ್ಮಲ್ಲಿದೆ. ಯಂತ್ರದ ಜೊತೆ ಒಂದು ಕತ್ತರಿಸುವ ಮೇಜು, ಒಂದು ಕಟ್ಟು ಬ್ರೌನ್ ಕಾಗದ, ಆ ಅಳತೆಪಟ್ಟಿ ಇವನ್ನೂ ಕೊಟ್ಟರೆ ಆ ದಾನ ಪೂರ್ತಿಯಾಗುತ್ತದೆ.